ಎಲ್‌ಐಸಿ ಏಜೆಂಟರ ಆಫೀಸು: ಮನೆಯಲ್ಲೇ ಸಾಕೋ, ಬಾಡಿಗೆಗೆ ಹಿಡಿಯಬೇಕೋ?

ವ್ಯವಹಾರ ಇಷ್ಟು ಬೆಳೆದಿದೆ ಎಂದು ಎಲ್‌ಐಸಿ ಕೊಡುವ ಮನ್ನಣೆಯಿಂದ ಏಜೆಂಟರ ಕ್ಲಬ್‌ಗೆ ಮೆಂಬರ್ ಆದ ಕೂಡಲೇ ನಮ್ಮ ಏಜೆಂಟರಿಗೆ ಹುಟ್ಟುವ ಮೊದಲ ಆಸೆ ಸ್ವಂತದ್ದೊಂದು ಆಫೀಸು. ನೆಹರೂ ರಸ್ತೆಯಲ್ಲೋ ದುರ್ಗಿಗುಡಿಯಲ್ಲೋ ಗಾಜಿನ ಬಾಗಿಲು, ಮೇಲೆ ಹೆಸರಿನ ಬೋರ್ಡು. ಶಿವಮೊಗ್ಗದಲ್ಲಿ ನಮ್ಮ ಬ್ರಾಂಚಿನ ಹೊಸಬರು "ಅಕ್ಕಾ, ಬಾಡಿಗೆಗೆ ಹಿಡಿಯಲಾ?" ಎಂದು ಕೇಳಿದಾಗಲೆಲ್ಲ ನಾನು ಹೇಳುವುದು ಇಷ್ಟು: ಪಾಲಿಸಿ ಮಾಡಿಸುವುದಕ್ಕೆ ಆಫೀಸು ಬೇಕಿಲ್ಲ, ಮಾಡಿಸಿದ ಮೇಲೆ ಬೇಕು. ಹೊಸ ಪಾಲಿಸಿ ಆಗುವುದು ಪಾಲಿಸಿ ಮಾಡಿಸುವವರ ಮನೆಯ ಜಗಲಿಯಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಅಡಿಕೆ ಮಂಡಿಯಲ್ಲಿ. ಅವರಾಗಿಯೇ ನಮ್ಮನ್ನು ಹುಡುಕಿಕೊಂಡು ಬರುವುದು ಲೋನ್, ರಿವೈವಲ್ (ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲೂ ಮಾಡಿಸುವುದು), ನಾಮಿನಿ ಬದಲಾವಣೆ, ಮೆಚ್ಯುರಿಟಿ, ಡೆತ್ ಕ್ಲೇಮ್ ಕೆಲಸಗಳಿಗೆ. ಅಂಥವರು ನಿಮ್ಮ ಬಳಿಗೆ ಎಷ್ಟು ಜನ ಬರುತ್ತಾರೆ, ಬಂದವರು ಎಲ್ಲಿ ಕೂತು ಮಾತಾಡಬೇಕು ಎಂಬುದರ ಮೇಲೆ ತೀರ್ಮಾನ ಮಾಡಿ.

ಅದಕ್ಕೊಂದು ಪುಸ್ತಕ ಇಡಿ. ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ಬರೆಯಿರಿ, ಆಮೇಲೆ ಜೂನ್, ಜುಲೈಯಲ್ಲೂ ಬರೆಯಿರಿ. ನಮ್ಮ ಕಡೆ ಅಡಿಕೆ ದುಡ್ಡು ಕೈಗೆ ಬಂದಾಗ ಇರುವ ಓಡಾಟ ಮಳೆಗಾಲದಲ್ಲಿ ಇರುವುದಿಲ್ಲ. ಯಾರು ಬಂದರು, ಯಾವ ಊರಿನಿಂದ, ಯಾವ ಕೆಲಸಕ್ಕೆ, ಎಷ್ಟು ಹೊತ್ತು ಕೂತರು ಎಂಬುದೆಲ್ಲ ಅದರಲ್ಲಿರಲಿ. ಬರೀ ಪ್ರೀಮಿಯಂ ವಿಚಾರಿಸಲು ಬಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರಿಗೆ ಮೊಬೈಲಿನಲ್ಲೇ ಕಟ್ಟುವುದು ಹೇಗೆಂದು ತೋರಿಸಿಕೊಟ್ಟರೆ ಮುಂದಿನ ಸಲ ಬರುವುದಿಲ್ಲ. ಉಳಿದವರು ತಿಂಗಳಿಗೆ ಹತ್ತರೊಳಗಿದ್ದರೆ ಮನೆಯೇ ಸಾಕು. ದಿನಕ್ಕೆ ಇಬ್ಬರು ಮೂವರು ಬಂದು ಕಾಯುವ ಹಾಗಿದ್ದರೆ ಬೇರೆ ಜಾಗ ನೋಡಿ. ಇದು ನಾನು ಇಟ್ಟುಕೊಂಡಿರುವ ಅಳತೆ.

ಮನೆಯೇ ಸಾಕು ಎಂದಾದರೂ ಒಂದು ವಿಷಯದಲ್ಲಿ ರಾಜಿ ಬೇಡ. ಬಂದವರನ್ನು ಕೂರಿಸುವ ಕೋಣೆಗೆ ಹೊರಗಿನಿಂದ ನೇರ ಬಾಗಿಲಿರಬೇಕು, ಒಳಗಿನ ಬಾಗಿಲು ಮುಚ್ಚುವಂತಿರಬೇಕು. ವಿನೋಬನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು ತೀರ್ಥಹಳ್ಳಿ ಕಡೆಯ ರೈತರೊಬ್ಬರ ಪ್ರಪೋಸಲ್ ಫಾರಂ ತುಂಬುತ್ತಿದ್ದೆ. ನಮ್ಮತ್ತೆಯನ್ನು ನೋಡಲು ಬಂದಿದ್ದ ನೆಂಟರು ಪಕ್ಕದ ಸೋಫಾದಲ್ಲೇ ಕೂತಿದ್ದರು. ಆರೋಗ್ಯದ ಪ್ರಶ್ನೆಗಳು ಬಂದವು. ಬಿಪಿ, ಶುಗರ್ ಇದೆಯಾ ಎಂದರೆ ಅವರು ತಲೆ ಎತ್ತದೆ "ಏನೂ ಇಲ್ಲ ಮೇಡಂ" ಅಂದರು. ಗೇಟಿನ ತನಕ ಬಿಡಲು ಹೋದಾಗ, ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ, "ಮೇಡಂ, ಶುಗರ್ ಮಾತ್ರೆ ತಗೊಳ್ತಿದೀನಿ. ಅಷ್ಟು ಜನರ ಎದುರು ಹೇಳೋಕಾಗ್ಲಿಲ್ಲ" ಎಂದರು. ಮತ್ತೆ ಒಳಗೆ ಕರೆದು, ಹಿಂದಿನ ಕೋಣೆಯಲ್ಲಿ ಕೂರಿಸಿ, ಬೇರೆ ಫಾರಂ ತೆಗೆದು ಇದ್ದದ್ದನ್ನು ಇದ್ದ ಹಾಗೆ ಬರೆದೆವು.

ಗೇಟಿನ ಬಳಿ ಅವರಿಗೆ ಬಾಯಿ ಬಾರದಿದ್ದರೆ? ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಪಾಲಿಸಿ 3 ವರ್ಷ ದಾಟಿದ ಮೇಲೆ ಅದನ್ನು ಪ್ರಶ್ನಿಸುವಂತಿಲ್ಲ. ಅದಕ್ಕೆ ಮೊದಲೇ ಏನಾದರೂ ಆದರೆ ಮುಚ್ಚಿಟ್ಟ ಕಾಯಿಲೆಯ ಹೆಸರಿನಲ್ಲಿ ಕ್ಲೇಮ್ ನಿಲ್ಲುತ್ತದೆ, ಅನುಭವಿಸುವವರು ಹೆಂಡತಿ ಮಕ್ಕಳು. ಗಂಡನನ್ನು ಕಳೆದುಕೊಂಡು ಡೆತ್ ಕ್ಲೇಮಿನ 3783 ಫಾರಂ ತುಂಬಿಸಲು ಬರುವ ಹೆಣ್ಣುಮಗಳು ಮೈದುನನ ಎದುರು ಹೇಳಲಾರದ್ದನ್ನು ಹೇಳಿಕೊಳ್ಳುವುದಕ್ಕೂ ಒಂದು ಮುಚ್ಚಿದ ಬಾಗಿಲು ಬೇಕು. ಮನೆಯಲ್ಲಿ ಅಂಥ ಕೋಣೆ ಇಲ್ಲದಿದ್ದರೆ, ಬರುವವರು ಕಡಿಮೆ ಇದ್ದರೂ ಹೊರಗೆ ಜಾಗ ಹುಡುಕಿ ಎಂದೇ ನನ್ನ ಸಲಹೆ.

ಇನ್ನು ದುಡ್ಡು. ಬಾಡಿಗೆಯನ್ನು ರಿನ್ಯೂವಲ್ ಕಮಿಷನ್ನಿಗೆ, ಅಂದರೆ ಹಳೆಯ ಪಾಲಿಸಿಗಳ ಮುಂದಿನ ವರ್ಷಗಳ ಪ್ರೀಮಿಯಂ ಮೇಲೆ ಬರುವ ಕಮಿಷನ್ನಿಗೆ, ಮಾತ್ರ ಹೊಂದಿಸಿ. ಮೊದಲ ವರ್ಷದ ಕಮಿಷನ್ ಮಾರ್ಚಿನಲ್ಲಿ ಉಕ್ಕುತ್ತದೆ, ಏಪ್ರಿಲ್‌ನಲ್ಲಿ ಬತ್ತುತ್ತದೆ, ಬಾಡಿಗೆ ಮಾತ್ರ ಹನ್ನೆರಡು ತಿಂಗಳೂ ಒಂದೇ. ಬಾಡಿಗೆ 6,000 ಎಂದಿಟ್ಟುಕೊಳ್ಳಿ. ಕರೆಂಟು, ಇಂಟರ್ನೆಟ್, ಕಸ ಗುಡಿಸುವವರು, ಬಂದವರಿಗೆ ಕಾಫಿ ಎಲ್ಲ ಸೇರಿ 8,000 ಮುಟ್ಟುತ್ತದೆ. ವರ್ಷಕ್ಕೆ 96,000. ರಿನ್ಯೂವಲ್ ಕಮಿಷನ್ ತಿಂಗಳಿಗೆ ಸರಾಸರಿ 32,000 ಬರುತ್ತಿದ್ದರೆ ಅದರ ಕಾಲು ಭಾಗ ಆಫೀಸಿಗೇ ಹೋಯಿತು. ಅದಕ್ಕಿಂತ ಹೆಚ್ಚು ಕೊಡಬೇಡಿ. ಅಡ್ವಾನ್ಸ್ ಹಣಕ್ಕೆ ಸಾಲ ಮಾಡಬೇಕಾಗಿ ಬಂದರೆ ಆ ಜಾಗವನ್ನೇ ಬಿಟ್ಟುಬಿಡಿ.

ಕಣ್ಣಿಗೆ ಬೀಳದ ಖರ್ಚುಗಳೂ ಇವೆ. ಮಾಲೀಕರು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಮಳಿಗೆ ಬಾಡಿಗೆಯ ಮೇಲೆ 18% ಸೇರುತ್ತದೆ. ನಮಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಅದು ವಾಪಸ್ ಬರುವ ದುಡ್ಡಲ್ಲ. ಮಳಿಗೆಯ ಕರೆಂಟು ವಾಣಿಜ್ಯ ದರದ್ದು. ಮನೆಯಲ್ಲೇ ಆಫೀಸು ಮಾಡುವವರೂ ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ. ಗೃಹಜ್ಯೋತಿ ಮನೆ ಬಳಕೆಗೆ ಮಾತ್ರ, ಹೊರಗೆ ಬೋರ್ಡು ಹಾಕಿ ಒಳಗೆ ಎಸಿ, ಜೆರಾಕ್ಸ್ ಮೆಷಿನ್ ಇಟ್ಟರೆ ಪ್ರಶ್ನೆ ಏಳುತ್ತದೆ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ, ಲೆಕ್ಕ ಇಡದೆ ವಹಿವಾಟಿನ ಒಂದು ಪಾಲನ್ನೇ ಲಾಭವೆಂದು ತೋರಿಸುವ ಅನುಕೂಲ ಕಮಿಷನ್ ಆದಾಯದವರಿಗೆ ಇಲ್ಲ. ಖರ್ಚು ತೋರಿಸಬೇಕೆಂದರೆ ಲೆಕ್ಕ ಇಡಬೇಕು, ರಸೀದಿ ಇರಬೇಕು. ಆದ್ದರಿಂದ ಬಾಡಿಗೆಯನ್ನು ಕೈಯಲ್ಲಿ ಕೊಡದೆ ಬ್ಯಾಂಕ್ ಮೂಲಕವೇ ಕೊಡಿ.

ಪ್ರೀಮಿಯಂ ಪಾಯಿಂಟ್, ಅಂದರೆ ಎಲ್‌ಐಸಿ ಪರವಾಗಿ ಪ್ರೀಮಿಯಂ ಕಟ್ಟಿಸಿಕೊಳ್ಳುವ ಅಧಿಕಾರ, ಸಿಕ್ಕವರ ಲೆಕ್ಕ ಬೇರೆ. ಅವರು ಅಲ್ಲೇ ರಸೀದಿ ಕೊಡುವುದರಿಂದ ರಸ್ತೆ ಬದಿಯ ಜಾಗ ಹಿಡಿಯುವುದರಲ್ಲಿ ಅರ್ಥವಿದೆ. ಆ ಅಧಿಕಾರ ಇಲ್ಲದವರು ಆಫೀಸು ತೆರೆದ ದಿನದಿಂದಲೇ ಗಟ್ಟಿಯಾಗಿರಬೇಕು. ಮೇಜು ಕುರ್ಚಿ ಕಂಡ ಕೂಡಲೇ ಜನ ನೋಟು ಎಣಿಸಿ ಎದುರಿಗಿಟ್ಟು "ನೀವೇ ಕಟ್ಟಿಬಿಡಿ" ಅನ್ನುತ್ತಾರೆ. ತೆಗೆದುಕೊಳ್ಳಬೇಡಿ. ಅಧಿಕಾರ ಇದ್ದವರಿಗೂ ಕಾಯ್ದೆ ಬಿಗಿಯಾಗಿದೆ: ಕೈಗೆ ಬಂದ ಪ್ರೀಮಿಯಂ, ಬ್ಯಾಂಕ್ ಮತ್ತು ಅಂಚೆ ರಜೆ ಬಿಟ್ಟು, 24 ಗಂಟೆಯೊಳಗೆ ಪೂರ್ತಿಯಾಗಿ ಕಂಪನಿಗೆ ಸೇರಬೇಕು.

ಜಾಗ ನೋಡಲು ಹೋಗುವಾಗ ಮುಖ್ಯರಸ್ತೆಯ ಮೋಹ ಬಿಡಿ. ದಾರಿಯಲ್ಲಿ ಹೋಗುವವರು ಬೋರ್ಡು ನೋಡಿ ಒಳಗೆ ಬಂದು ಪಾಲಿಸಿ ಮಾಡಿಸುವುದಿಲ್ಲ. ನಮ್ಮಲ್ಲಿಗೆ ಬರುವವರು ನಮ್ಮ ಹೆಸರು ಹಿಡಿದು ಬರುತ್ತಾರೆ, ಅಡ್ಡರಸ್ತೆಯಲ್ಲಿದ್ದರೂ ಹುಡುಕುತ್ತಾರೆ. ಆದರೆ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಂತಿರಲಿ. ಸಾಗರ, ಹೊಸನಗರದಿಂದ ಬಂದವರಿಗೆ ಆಟೋ ಖರ್ಚು ಬೀಳಬಾರದು. ನೆಲಮಹಡಿಯೇ ಇರಲಿ. ಮೊದಲ ಮಹಡಿಯಲ್ಲಿ ಬಾಡಿಗೆ ಕಡಿಮೆ, ನಿಜ, ಮೆಚ್ಯುರಿಟಿ ಕಾಗದಕ್ಕೆ ಸಹಿ ಹಾಕಲು ಬರುವವರಲ್ಲಿ ಅನೇಕರಿಗೆ ಮಂಡಿನೋವು. ಶೌಚಾಲಯ ಇದೆಯೇ, ಅದರಲ್ಲಿ ನೀರು ಬರುತ್ತದೆಯೇ ಎಂದು ಬಾಗಿಲು ತೆಗೆದೇ ನೋಡಿ. ಬೆಳಗಿನ ಬಸ್ಸಿಗೆ ಹೊರಟ ಹೆಂಗಸರು ಕೇಳಲು ಸಂಕೋಚಪಟ್ಟು ಸುಮ್ಮನಿರುತ್ತಾರೆ. ಆಮೇಲೆ ಗೋಡೆ. ಹಿಂದಿನ ಗೋಡೆಗೆ ಅಂಗೈ ಒತ್ತಿ, ಬಣ್ಣ ಉಬ್ಬಿದ್ದರೆ, ಸುಣ್ಣ ಉದುರಿದರೆ ಅಲ್ಲಿ ಬೀರು ಇಡುವ ಹಾಗಿಲ್ಲ. ಆಷಾಢದ ಮಳೆಗೆ ಕಾಗದ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಸೀಲಿನ ಶಾಯಿ ಹರಡುತ್ತದೆ.

ಒಂಟಿಯಾಗಿ ಬಾಡಿಗೆ ಹೊರಲಾಗದವರು ಇನ್ನೊಬ್ಬ ಏಜೆಂಟರ ಜೊತೆ ಸೇರಿ ಹಿಡಿಯಬಹುದು. ದುರ್ಗಿಗುಡಿಯಲ್ಲಿ ನಾನೀಗ ಕೂರುವುದು ಅಂಥದ್ದೇ ಕೋಣೆಯಲ್ಲಿ. ಬೆಳಿಗ್ಗೆ ಜೊತೆಯ ಏಜೆಂಟರು, ಮಧ್ಯಾಹ್ನದ ಮೇಲೆ ನಾನು. ಹೀಗೆ ಹೊತ್ತು ಹಂಚಿಕೊಂಡರೆ ಮಾತಿಗೆ ಏಕಾಂತವೂ ಸಿಗುತ್ತದೆ. ಬೀರು ಮಾತ್ರ ಬೇರೆ ಬೇರೆ, ಬೀಗವೂ ಬೇರೆ. ಆಧಾರ್, ಪಾಸ್‌ಬುಕ್ ಜೆರಾಕ್ಸ್, ವೈದ್ಯಕೀಯ ವರದಿಗಳನ್ನು ಜನ ನಂಬಿ ಕೊಟ್ಟದ್ದು ನಮಗೆ, ಕೋಣೆಗಲ್ಲ. ನಮ್ಮ ಮೇಲ್ವಿಚಾರಣೆ ನೋಡುವ ಡೆವಲಪ್‌ಮೆಂಟ್ ಆಫೀಸರ್ ತಮ್ಮ ಆಫೀಸಿನಲ್ಲಿ ಮೇಜು ಕೊಡುತ್ತೇನೆಂದರೂ ಈ ಬೀಗದ ಮಾತನ್ನು ಮೊದಲೇ ಆಡಿಕೊಳ್ಳಿ.

ಕರಾರು 11 ತಿಂಗಳಿಗೆ ಬರೆಸಿ. ಅಡ್ವಾನ್ಸ್ ಎಷ್ಟು, ಖಾಲಿ ಮಾಡಿದ ಎಷ್ಟು ದಿನಕ್ಕೆ ಹಿಂದಿರುಗಬೇಕು, ಬಣ್ಣದ ಖರ್ಚು ಯಾರದು, ಬಾಡಿಗೆ ಏರಿಕೆ ಶೇಕಡಾ ಎಷ್ಟು, ಎಲ್ಲವೂ ಕಾಗದದ ಮೇಲಿರಲಿ. ಮಾರ್ಚಿನಲ್ಲಿ ಖಾಲಿ ಮಾಡಿಸುವಂತಿಲ್ಲ ಎಂದು ಒಂದು ಸಾಲು ಸೇರಿಸಲು ಕೇಳಿ, ಒಳ್ಳೆಯ ಮಾಲೀಕರು ಒಪ್ಪುತ್ತಾರೆ. ಬೋರ್ಡು ಬರೆಸುವ ಮೊದಲು ಅದರ ನಮೂನೆಯನ್ನು ಬ್ರಾಂಚಿಗೆ ತೋರಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಎಲ್‌ಐಸಿಯ ಲಾಂಛನವನ್ನು ನಮ್ಮಿಷ್ಟಕ್ಕೆ ಹಾಕಿಕೊಳ್ಳುವಂತಿಲ್ಲ. ಕ್ಲಬ್ ಮೆಂಬರ್‌ಗಳಿಗೆ ಆಫೀಸು ನಡೆಸಲು ಸಿಗುವ ಭತ್ಯೆಗೂ ಅದೇ ದಿನ ಅರ್ಜಿ ಕೇಳಿ ಪಡೆದುಕೊಂಡು ಬನ್ನಿ.