ಸತ್ತ ಮಂಗ, ಒಂದು ಮಿಸ್ಡ್ ಕಾಲ್

ಮಂಗನ ಕಾಯಿಲೆಯ ಸೀಮೆಯಲ್ಲಿ ನಮಗೆ ಮೊದಲು ಬೇಕಾದ ಸುದ್ದಿ ಒಂದೇ: ಮಂಗ ಎಲ್ಲಿ ಸತ್ತಿದೆ? ಸತ್ತ ಮಂಗದ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ, ಕಚ್ಚಿ ರೋಗ ಹರಡುವ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಸೇರಿಕೊಳ್ಳುತ್ತವೆ. ಸೊಪ್ಪಿಗೋ, ದರಗಿಗೋ, ದನ ಹುಡುಕುವುದಕ್ಕೋ ಅತ್ತ ಹೋದವರ ಕಾಲಿಗೆ ಹತ್ತುತ್ತವೆ. ಸುದ್ದಿ ಅಂದೇ ಸಿಕ್ಕರೆ ಆ ಜಾಗದ ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಎರಚಿ, ಜನ ಅತ್ತ ಹೋಗದಂತೆ ತಡೆಯಬಹುದು. ವಾರ ಕಳೆದ ಮೇಲೆ ಸಿಕ್ಕರೆ ಜ್ವರ ಬಂದವರ ಪಟ್ಟಿ ಬರೆಯುವುದಷ್ಟೇ ಉಳಿಯುತ್ತದೆ.

ನಾನು ಸಾಗರ ತಾಲ್ಲೂಕಿನಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ಊರವರ ಬಾಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ ಇದು. ನಮ್ಮ ಅಜ್ಜಂದಿರ ಕಾಲದಿಂದಲೂ ಇದೆ. ಆದರೆ 2018ರ ಕೊನೆಗೆ ಅರಲಗೋಡು ಭಾಗದಲ್ಲಿ ಅದು ಎದ್ದು, ಸಾವಿನ ಮೇಲೆ ಸಾವು ಕೇಳಿಬಂದಾಗ ನಮ್ಮ ಕೈಕಾಲು ನಡುಗಿದವು. ನಾನು ಮೊಬೈಲನ್ನು ಕೆಲಸದ ಸಾಮಾನಾಗಿ ಹಿಡಿದದ್ದು ಆ ಬೇಸಿಗೆಯಲ್ಲಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ವಾಟ್ಸ್‌ಆ್ಯಪ್ ಗುಂಪು ತೆರೆದು, ಇಲಾಖೆಯ ಕರಪತ್ರದ ಪಿಡಿಎಫ್ ಹಾಕಿದೆ. ಕೈಮುಗಿದ ಚಿತ್ರಗಳು ಬಂದವು. ತೆರೆದು ಓದಿದವರು ಯಾರೂ ಇಲ್ಲ ಎಂಬುದು ಮನೆ ಭೇಟಿಯಲ್ಲಿ ತಿಳಿಯಿತು. ಗುಂಪಿನಲ್ಲಿ ಇದ್ದವರಾದರೂ ಯಾರು? ಅಂಗಡಿಯವರು, ತೋಟದ ಯಜಮಾನರು, ಶಿವಮೊಗ್ಗದಲ್ಲಿ ಓದುವ ಹುಡುಗರು. ಕಾಡಿಗೆ ಹೋಗುವ ಹೆಂಗಸರು ಅದರಲ್ಲಿ ಇರಲೇ ಇಲ್ಲ. ಅವರ ಕೈಯಲ್ಲಿದ್ದದ್ದು ಬಟನ್ ಫೋನು, ಅದೂ ಕರೆನ್ಸಿ ಇಲ್ಲದ್ದು.

ಅದಕ್ಕೆ ಮಿಸ್ಡ್ ಕಾಲ್ ವ್ಯವಸ್ಥೆ ಮಾಡಿದೆ. ಸತ್ತ ಮಂಗ ಕಂಡರೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಒಂದು ರಿಂಗ್ ಕೊಟ್ಟು ಇಟ್ಟುಬಿಡಿ, ನಾನೇ ತಿರುಗಿ ಮಾಡುತ್ತೇನೆ ಎಂದೆ. ಆ ಮಾತಿಗೆ ತಪ್ಪಲಿಲ್ಲ. ಊಟದ ನಡುವೆ ಎದ್ದು ಮಾಡಿದ್ದೇನೆ, ಮದುವೆ ಮನೆಯಿಂದ ಹೊರಗೆ ಬಂದು ಮಾಡಿದ್ದೇನೆ. ಒಂದು ಸಲ ತಿರುಗಿ ಮಾಡದಿದ್ದರೆ ಆ ಮನೆಯಿಂದ ಎರಡನೆಯ ಕರೆ ಬರುವುದಿಲ್ಲ.

ಸ್ಮಾರ್ಟ್‌ಫೋನ್ ಇದ್ದ ಮನೆಗಳಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಅದರಲ್ಲಿ ಒಂದು ತೊಡಕಿದೆ: ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದು ಗೊತ್ತಿಲ್ಲದೆ ಒಂದು ತಿಂಗಳು ಗಾಳಿಗೆ ಮಾತಾಡಿದ್ದಾಯಿತು. ಆಮೇಲೆ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಮನೆ ಮನೆಗೆ ಹೋಗಿ, ಜಗುಲಿಯಲ್ಲಿ ಕುಳಿತು, ಅವರವರ ಫೋನಿನಲ್ಲಿ ನಂಬರನ್ನು ನಾವೇ ಹಾಕಿಕೊಟ್ಟೆವು. ಬರಹ ಬಿಟ್ಟು ಧ್ವನಿ ಸಂದೇಶಕ್ಕೆ ಬಂದೆವು. ಧ್ವನಿ ಆ ಆಶಾ ಅಕ್ಕನದು. ಅರ್ಧ ನಿಮಿಷಕ್ಕಿಂತ ಹೆಚ್ಚಿಲ್ಲ, ಒಂದು ದಿನಕ್ಕೆ ಒಂದೇ ವಿಷಯ: ಇವತ್ತು ಕಾಡಿಗೆ ಹೋಗುವವರು ಕೈಕಾಲಿಗೆ ಉಣುಗು ಹತ್ತದಂತೆ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ನಾನು ಹೇಳಿದರೆ ಸರಕಾರದ ಮಾತು, ಅವರು ಹೇಳಿದರೆ ಮನೆಯ ಮಾತು.

ಜಾಗ ತಿಳಿಯುವುದೇ ನಿಜವಾದ ಕಷ್ಟವಾಗಿತ್ತು. ಲೊಕೇಶನ್ ಕಳಿಸಿ ಎಂದು ಕಲಿಸಿದ್ದೆವು. ಕಳಿಸಿದರು. ಪುಡಿಯ ಚೀಲ ಹೊತ್ತು ಹೋದರೆ ನಾವು ನಿಂತದ್ದು ಅವರದೇ ಅಂಗಳದಲ್ಲಿ! ಕಾಡಿನಲ್ಲಿ ಸಿಗ್ನಲ್ ಇಲ್ಲ, ಆದ್ದರಿಂದ ಮನೆಗೆ ಬಂದು, ನೆಟ್‌ವರ್ಕ್ ಸಿಕ್ಕ ಮೇಲೆ ಕಳಿಸಿದ್ದರು. ಫೋನು ತಾನಿದ್ದ ಜಾಗವನ್ನೇ ತೋರಿಸಿತು. ತಪ್ಪು ಅವರದಲ್ಲ, ಕಲಿಸಿದ ನನ್ನದು.

ಆಗ ಒಬ್ಬ ಹಿರಿಯ ದನಗಾಹಿ ಹೇಳಿದರು: "ನೀವು ಜಾಗದ ಹೆಸರು ಕೇಳಿ ಸರ್, ನಾವು ಹೇಳುತ್ತೇವೆ." ಅವರ ಹಿಂದೆ ಎಷ್ಟೋ ದಿನ ನಡೆದೆ. ಪ್ರತಿ ಕಾನಿಗೂ, ಹಳ್ಳದ ಪ್ರತಿ ತಿರುವಿಗೂ, ಹಕ್ಕಲಿಗೂ ಒಂದು ಹೆಸರಿದೆ. ದೊಡ್ಡ ನೇರಳೆಯ ಬುಡ, ಹುಲಿ ನೀರು ಕುಡಿದ ಗುಂಡಿ, ಹಳೆಯ ಆಲೆಮನೆಯ ದಿಬ್ಬ. ಯಾವ ನಕ್ಷೆಯಲ್ಲೂ ಇವಿಲ್ಲ. ಜಿಪಿಎಸ್‌ಗೆ ಟವರಿನ ಹಂಗಿಲ್ಲ, ಆದ್ದರಿಂದ ಆಯಾ ಜಾಗದಲ್ಲೇ ನಿಂತು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈಗ ಬಟನ್ ಫೋನಿನಲ್ಲಿ "ನೇರಳೆ ಬುಡದಿಂದ ಮೇಲಕ್ಕೆ, ಮುಸಿಯ ಸತ್ತಿದೆ" ಎಂದರೆ ಸಾಕು. ನಾನು ಇಷ್ಟು ವರ್ಷದಲ್ಲಿ ಮಾಡಿದ ಕೆಲಸಗಳಲ್ಲಿ ಈ ನೋಟ್‌ಬುಕ್ಕೇ ದೊಡ್ಡದು ಎಂದು ನಂಬಿದ್ದೇನೆ.

ಒಂದು ಗಾಯದ ವಿಷಯವನ್ನೂ ಹೇಳಬೇಕು. ಗುಂಪಿನಲ್ಲಿದ್ದ ಯಾರೋ, ಒಬ್ಬ ರೋಗಿಯ ರಕ್ತಪರೀಕ್ಷೆಯ ವರದಿಯನ್ನು ಹೆಸರಿನ ಸಮೇತ ಹಾಕಿಬಿಟ್ಟರು. ಸಂಜೆಯೊಳಗೆ ಅದು ನಾಲ್ಕು ಊರು ದಾಟಿತ್ತು. ಆ ಮನೆಯ ಹಾಲನ್ನು ಕೊಳ್ಳುವುದನ್ನು ನೆರೆಯವರು ನಿಲ್ಲಿಸಿದರು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಆದರೆ ಹೆದರಿಕೆ ಹರಡುತ್ತದೆ. ಮರುದಿನ ಅವರ ಜಗುಲಿಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಕುಳಿತು, ಅವರದೇ ಹಾಲಿನ ಚಹಾ ಕುಡಿದೆ. ಆ ತಾಯಿ ಲೋಟ ಕೊಡುವಾಗ ಅಳುತ್ತಿದ್ದರು. ಅಂದೇ ಆ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಬದಲಿಸಿದೆ. ಜ್ವರದ ಸುದ್ದಿ, ಸತ್ತ ಮಂಗದ ಚಿತ್ರ ಎಲ್ಲವೂ ಈಗ ನನ್ನ ನಂಬರಿಗೆ ನೇರವಾಗಿ ಬರುತ್ತವೆ.

ಲಸಿಕೆಯ ಬಗ್ಗೆ ಗಾಳಿಸುದ್ದಿಗಳು ಬಹಳ ಇದ್ದವು. ಚುಚ್ಚಿದರೆ ತುಂಬಾ ನೋಯುತ್ತದೆ ಎಂಬುದು ಮಾತ್ರ ನಿಜ, ಅದನ್ನು ಒಪ್ಪಿಕೊಂಡೇ ಮಾತಾಡುತ್ತಿದ್ದೆ. ಪರಿಣಾಮ ಸಾಲದೆಂದು ಆ ಲಸಿಕೆಯನ್ನೇ 2022ರಲ್ಲಿ ನಿಲ್ಲಿಸಿದಾಗ, "ಆಗ ಹಾಕಿಸಿಕೊಳ್ಳಿ ಎಂದಿರಲ್ಲ" ಎಂದು ಜನ ಕೇಳಿದರು. ಕೇಳುವ ಹಕ್ಕು ಅವರಿಗಿದೆ. ಆ ಸಂದೇಶವನ್ನು ಮಾತ್ರ ಆಶಾ ಅಕ್ಕನಿಂದ ಹೇಳಿಸದೆ, ನಾನೇ ನನ್ನ ಧ್ವನಿಯಲ್ಲಿ ಕಳಿಸಿದೆ: ಈಗ ಲಸಿಕೆ ಇಲ್ಲ, ರೋಗಕ್ಕೆಂದೇ ಮದ್ದೂ ಇಲ್ಲ, ತೈಲ ಹಚ್ಚಿಕೊಳ್ಳಿ, ಜ್ವರ ಬಂದ ದಿನವೇ ರಿಂಗ್ ಕೊಡಿ.

ಗುಣವಾಗಿ ಮನೆಗೆ ಬಂದವರ ಹೆಸರಿಗೂ ನನ್ನ ಫೋನಿನಲ್ಲಿ ಅಲಾರಂ ಇದೆ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಅದು ಮತ್ತೆ ಬರುತ್ತದೆ, ಆಗ ತಲೆನೋವು, ನಡುಕ, ಮಂಕು ಜೊತೆಗಿರುತ್ತವೆ. ವಾಸಿಯಾಯಿತೆಂದು ತೋಟಕ್ಕೆ ಹೋದವರು ಇದನ್ನು ದಣಿವು ಎಂದುಕೊಳ್ಳುತ್ತಾರೆ. ಹಾಗೆ ಅಲಾರಂ ಹೊಡೆದಾಗ ಮಾಡಿದ ಒಂದು ಕರೆಯಲ್ಲಿ, ಅಡಿಕೆ ಕೊಯ್ಯುವ ಯುವಕನೊಬ್ಬನ ಮಾತು ತೊದಲುವುದು ಕೇಳಿ, ಅದೇ ಗಂಟೆಯಲ್ಲಿ ಆಂಬುಲೆನ್ಸ್ ಕಳಿಸಿದ್ದೆವು. ಅವನು ಈಗಲೂ ಮರ ಹತ್ತುತ್ತಾನೆ.

ನವೆಂಬರ್ ಬಂದರೆ ಮತ್ತೆ ಮನೆ ಮನೆ ಸುತ್ತುತ್ತೇವೆ. ಮಳೆಗಾಲದಲ್ಲಿ ಎಷ್ಟೋ ಜನ ಸಿಮ್ ಬದಲಿಸಿರುತ್ತಾರೆ, ಫೋನು ನೀರಿಗೆ ಬಿದ್ದಿರುತ್ತದೆ, ನನ್ನ ನಂಬರ್ ಅಳಿಸಿಹೋಗಿರುತ್ತದೆ. ಅದನ್ನು ಮತ್ತೆ ಹಾಕಿ, ಅವರ ಕೈಯಿಂದಲೇ ಒಂದು ರಿಂಗ್ ಕೊಡಿಸಿ, ನನ್ನ ಜೇಬಿನಲ್ಲಿ ಅದು ಬಾರಿಸಿದ ಮೇಲೆಯೇ ಮುಂದಿನ ಮನೆಗೆ ಹೋಗುತ್ತೇವೆ.