ಹಡಗು ಹತ್ತುವ ಮುಂಚಿನ ರಾತ್ರಿ: ಸಿಂಗಪುರದಲ್ಲಿ ರೂಮ್ ಎಲ್ಲಿ ಹಿಡಿಯಬೇಕು?

ಮೊದಲು ಕ್ರೂಸ್ ಟಿಕೆಟ್ ತೆಗೆದು ನೋಡಿ. ಹಡಗು ಯಾವ ಟರ್ಮಿನಲ್‌ನಿಂದ ಹೊರಡುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ. ಅದು ಖಾತ್ರಿ ಆಗುವವರೆಗೆ ಹೋಟೆಲ್ ಬುಕ್ ಮಾಡಬೇಡಿ, ಎಷ್ಟೇ ಒಳ್ಳೆ ಆಫರ್ ಕಂಡರೂ.

ಕಾಫಿ ಕೊಯ್ಲು ಮುಗಿದು ಕೈಗೆ ಸ್ವಲ್ಪ ದುಡ್ಡು ಬಂದ ಮೇಲೆ ನಮ್ಮ ಕೊಡಗಿನ ಕಕ್ಕಬ್ಬೆ, ನಾಪೋಕ್ಲು ಕಡೆಯವರು ಸಿಂಗಪುರದಿಂದ ಕ್ರೂಸ್‌ಗೆ ಹೋಗುವುದುಂಟು. ನಾನು ಹೋಂಸ್ಟೇ ನಡೆಸುವವಳು. ಅತ್ತೆ ಮಾವನನ್ನು ಕರೆದುಕೊಂಡು ಅದೇ ದಾರಿಯಲ್ಲಿ ಹೋಗಿಬಂದಿದ್ದೇನೆ. ಹಾಗಾಗಿ "ಎಲ್ಲಿ ಉಳ್ಕೊಳ್ಳೋದು ಅಕ್ಕಾ?" ಅಂತ ಫೋನ್ ಬರುತ್ತಲೇ ಇರುತ್ತದೆ. ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಸಿಂಗಪುರದಲ್ಲಿ ಕ್ರೂಸ್ ಹಡಗು ನಿಲ್ಲುವ ಜಾಗ ಎರಡು. ಒಂದು ಹಾರ್ಬರ್‌ಫ್ರಂಟ್‌ನಲ್ಲಿರುವ ಹಳೆಯ ಟರ್ಮಿನಲ್. ಸೆಂಟೋಸಾ ದ್ವೀಪದ ಎದುರಿಗೆ, ವಿವೋಸಿಟಿ ಮಾಲ್ ಪಕ್ಕದಲ್ಲೇ ಇದೆ. ಇನ್ನೊಂದು 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್. ಎರಡು ಯಾಕೆ ಅಂದರೆ, ಹಾರ್ಬರ್‌ಫ್ರಂಟ್‌ನಿಂದ ಸೆಂಟೋಸಾಕ್ಕೆ ಹೋಗುವ ಕೇಬಲ್ ಕಾರ್ ಹಡಗಿನ ದಾರಿಯ ಮೇಲೇ ಹಾದುಹೋಗುತ್ತದೆ. ಸುಮಾರು 52 ಮೀಟರ್‌ಗಿಂತ ಎತ್ತರದ ಹಡಗು ಅದರಡಿ ನುಸುಳಲು ಆಗುವುದಿಲ್ಲ. ಅದಕ್ಕೇ ದೊಡ್ಡ ದೊಡ್ಡ ಹಡಗುಗಳೆಲ್ಲ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಬರುತ್ತವೆ. ತಾನಾ ಮೆರಾ ಅಂತ ಇನ್ನೊಂದು ಟರ್ಮಿನಲ್ ಹೆಸರೂ ಕಿವಿಗೆ ಬೀಳಬಹುದು. ಅದು ಫೆರಿಗಳದ್ದು, ನಮಗೆ ಸಂಬಂಧ ಇಲ್ಲ.

ಇಲ್ಲಿ ತುಂಬಾ ಜನ ಹೆಸರು ನೋಡಿ ಮೋಸ ಹೋಗುತ್ತಾರೆ. ಮರೀನಾ ಬೇ ಅಂತ ಬೋರ್ಡ್ ಇರುವ ದುಬಾರಿ ಹೋಟೆಲ್ ಹಿಡಿದರೆ ಪಕ್ಕದಲ್ಲೇ ಹಡಗು ಸಿಗುತ್ತದೆ ಅಂದುಕೊಳ್ಳುತ್ತಾರೆ. ಅಲ್ಲಿಂದ ಟರ್ಮಿನಲ್‌ಗೆ ಸೂಟ್‌ಕೇಸ್ ಎಳೆದುಕೊಂಡು ನಡೆದು ಹೋಗುವ ಮಾತೇ ಇಲ್ಲ. ಟ್ಯಾಕ್ಸಿ ಹಿಡಿಯಬೇಕು, ಇಲ್ಲವಾದರೆ ಮರೀನಾ ಸೌತ್ ಪಿಯರ್ ಸ್ಟೇಷನ್‌ವರೆಗೆ ಮೆಟ್ರೊದಲ್ಲಿ ಹೋಗಬೇಕು. ಹೇಗೂ ವಾಹನ ಹತ್ತಲೇಬೇಕು ಅಂದಮೇಲೆ ಆ ದುಡ್ಡು ಯಾಕೆ ಕೊಡಬೇಕು?

ಹೋಟೆಲ್‌ನವರು ಬರೆಯುವ "ಹತ್ತಿರ" ಅನ್ನುವ ಮಾತನ್ನು ಅಳತೆ ಮಾಡದೆ ನಂಬಬೇಡಿ. ನಮ್ಮಲ್ಲಿ "ತಡಿಯಂಡಮೋಳ್ ಹತ್ತಿರ" ಅಂದರೆ ಬೆಟ್ಟದ ಬುಡವೋ, ಜೀಪಲ್ಲಿ ಅರ್ಧ ಗಂಟೆಯೋ ಅಂತ ಬಂದವರಿಗೇ ಗೊತ್ತು. ನನ್ನ ಅತಿಥಿಗಳಿಗೆ ನಾನು ಕಿಲೋಮೀಟರ್, ರಸ್ತೆ, ಮಳೆಯಲ್ಲಿ ಹಿಡಿಯುವ ಹೊತ್ತು ಮೂರನ್ನೂ ಮೊದಲೇ ಹೇಳುತ್ತೇನೆ. ನೀವೂ ಮ್ಯಾಪ್ ತೆರೆದು, ಹೋಟೆಲ್ ಬಾಗಿಲಿನಿಂದ ಟರ್ಮಿನಲ್ ಬಾಗಿಲಿಗೆ, ಹಡಗು ಹತ್ತುವ ದಿನದ ಅದೇ ಹೊತ್ತಿಗೆ ಎಷ್ಟು ನಿಮಿಷ ಅಂತ ನೋಡಿ. ಆ ರಾತ್ರಿಯ ರೂಮ್ ಊರು ನೋಡುವುದಕ್ಕಲ್ಲ. ಬೆಳಿಗ್ಗೆ ಗಡಿಬಿಡಿ ಇಲ್ಲದೆ ಹೊರಡುವುದಕ್ಕೆ.

ಎಷ್ಟು ದಿನ ಮುಂಚೆ ಹೋಗಬೇಕು? ಕಡಿಮೆ ಅಂದರೂ ಒಂದು ದಿನ. ಹಡಗು ಹೊರಡುವ ದಿನವೇ ಬೆಳಿಗ್ಗೆ ವಿಮಾನ ಇಳಿಯುವ ಲೆಕ್ಕ ಬೇಡವೇ ಬೇಡ. ವಿಮಾನ ತಪ್ಪಿದರೆ ಮರುದಿನದ್ದು ಸಿಗುತ್ತದೆ, ಹಡಗು ನಮಗೋಸ್ಕರ ಕಾಯುವುದಿಲ್ಲ. ಕೊಡಗಿನವರಿಗೆ ಇದು ಇನ್ನೂ ಮುಖ್ಯ. ನಮಗೆ ಹತ್ತಿರದ ವಿಮಾನ ನಿಲ್ದಾಣ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ. ಆದರೆ ಅಲ್ಲಿನ ಹೊರದೇಶದ ವಿಮಾನಗಳು ಗಲ್ಫ್ ಕಡೆಯವು. ಸಿಂಗಪುರಕ್ಕೆ ನೇರ ವಿಮಾನ ಬೇಕೆಂದರೆ ನಮ್ಮವರು ಹೆಚ್ಚಾಗಿ ಬೆಂಗಳೂರಿಗೆ ಹೋಗುತ್ತಾರೆ, ಕಕ್ಕಬ್ಬೆಯಿಂದ ದೇವನಹಳ್ಳಿಗೆ ಏಳು ಗಂಟೆಗೆ ಕಡಿಮೆ ಇಲ್ಲ. ಮಳೆಗಾಲದಲ್ಲಿ ಯಾವ ರಸ್ತೆ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ-ಮಂಗಳೂರು ರಸ್ತೆಯೇ ನಿಂತುಹೋಗಿದ್ದು ನೆನಪಿದೆ ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಮೈಸೂರಿನಲ್ಲಾದರೂ ಒಂದು ರಾತ್ರಿ ಇದ್ದು, ಅಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹಿಡಿದರೆ ನೆಮ್ಮದಿ.

ಇನ್ನು ತಾರೀಕಿನ ಲೆಕ್ಕ, ಇಲ್ಲಿ ಸ್ವಲ್ಪ ಹುಷಾರು. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಹಾರಾಟ, ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. 10ನೇ ತಾರೀಕು ರಾತ್ರಿ ಹನ್ನೊಂದಕ್ಕೆ ಹತ್ತಿದರೆ ಇಳಿಯುವುದು 11ರ ಬೆಳಿಗ್ಗೆ ಆರಕ್ಕೆ. ಹೋಟೆಲ್ ರೂಮ್ ಕೈಗೆ ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ವಯಸ್ಸಾದವರು ಇದ್ದರೆ 10ನೇ ತಾರೀಕಿನಿಂದಲೇ ರೂಮ್ ಹಿಡಿಯಿರಿ. "ಬೆಳಿಗ್ಗೆ ಏಳೂವರೆಗೆ ಬರುತ್ತೇವೆ, ರೂಮ್ ಬೇರೆಯವರಿಗೆ ಕೊಡಬೇಡಿ" ಅಂತ ಬರೆದು ತಿಳಿಸಿ. ಇಲ್ಲದಿದ್ದರೆ ರಾತ್ರಿ ನಮ್ಮನ್ನು ಕಾದು, ಬರಲಿಲ್ಲ ಅಂತ ಬುಕಿಂಗ್ ತೆಗೆದುಹಾಕುವ ಸಾಧ್ಯತೆ ಇರುತ್ತದೆ. ಎರಡು ರಾತ್ರಿಯ ದುಡ್ಡು ಹೋಗುತ್ತದೆ ನಿಜ. ಆದರೆ ರಾತ್ರಿಯೆಲ್ಲ ಕೂತು ಬಂದ ಅತ್ತೆ ಮಂಡಿ ನೋವು ಇಟ್ಟುಕೊಂಡು ಲಾಬಿಯಲ್ಲಿ ಏಳು ಗಂಟೆ ಕಾಯುವುದು ಬೇಡ. ಪ್ರಾಯದವರೇ ಆದರೆ ಬ್ಯಾಗ್ ಹೋಟೆಲ್‌ನಲ್ಲಿ ಬಿಟ್ಟು ತಿಂಡಿ ತಿಂದು ಸುತ್ತಾಡಿ ಬನ್ನಿ, ಒಂದು ರಾತ್ರಿಯ ಬುಕಿಂಗ್ ಸಾಕು.

ಈಗ ಜಾಗಗಳ ವಿಷಯ.

ನಮ್ಮ ಜನಕ್ಕೆ ಮೊದಲು ನೆನಪಾಗುವುದು ಲಿಟಲ್ ಇಂಡಿಯಾ. ಊಟದ ಚಿಂತೆ ಇಲ್ಲ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಳ ವಿಲಾಸ್‌ನಲ್ಲಿ ದೋಸೆ, ಕಾಫಿ ಸಿಗುತ್ತದೆ. ಮುಸ್ತಫಾ ಸೆಂಟರ್‌ನಲ್ಲಿ ಬಿಟ್ಟುಬಂದ ಚಪ್ಪಲಿಯಿಂದ ಹಿಡಿದು ಪ್ಲಗ್‌ವರೆಗೆ ಎಲ್ಲ ಇದೆ. ಸಿಂಗಪುರದ ಪ್ಲಗ್‌ಗೆ ಚೌಕದ ಮೂರು ಪಿನ್, ನಮ್ಮದು ಕೂರುವುದಿಲ್ಲ. ಹಡಗು ಹಾರ್ಬರ್‌ಫ್ರಂಟ್‌ನಿಂದ ಹೊರಡುವುದಾದರೆ ಲಿಟಲ್ ಇಂಡಿಯಾದಿಂದ ನೇರಳೆ ಬಣ್ಣದ ಮೆಟ್ರೊದಲ್ಲಿ ಕೂತರೆ ಕೊನೆಯ ಸ್ಟೇಷನ್ನೇ ಅದು, ಎಲ್ಲೂ ಬದಲಾಯಿಸಬೇಕಿಲ್ಲ. ಮರೀನಾ ಬೇ ಕ್ರೂಸ್ ಸೆಂಟರ್‌ಗಾದರೆ ಧೋಬಿ ಘಾಟ್‌ನಲ್ಲಿ ಇಳಿದು ಕೆಂಪು ಲೈನ್ ಹಿಡಿಯಬೇಕು. ಭಾನುವಾರ ಸಂಜೆ ಅಲ್ಲಿ ಕೆಲಸಗಾರರಿಗೆಲ್ಲ ರಜೆ, ರಸ್ತೆ ಕಿಕ್ಕಿರಿದಿರುತ್ತದೆ. ಸೋಮವಾರ ಹಡಗು ಹತ್ತುವವರು, ಸದ್ದಿಗೆ ನಿದ್ದೆ ಬಾರದವರು ಇದನ್ನು ನೆನಪಿಟ್ಟುಕೊಳ್ಳಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಚೈನಾಟೌನ್ ಮತ್ತು ಔಟ್ರಮ್ ಪಾರ್ಕ್ ಸುತ್ತಮುತ್ತ. ಔಟ್ರಮ್ ಪಾರ್ಕ್‌ನ ಮುಂದಿನ ಸ್ಟೇಷನ್ನೇ ಹಾರ್ಬರ್‌ಫ್ರಂಟ್. ಮರೀನಾ ಬೇ ಕ್ರೂಸ್ ಸೆಂಟರ್‌ಗೂ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಯಾವ ಟರ್ಮಿನಲ್ ಆದರೂ ಈ ಜಾಗ ನಡೆಯುತ್ತದೆ. ಸೌತ್ ಬ್ರಿಜ್ ರಸ್ತೆಯಲ್ಲಿ 1827ರಲ್ಲಿ ಶುರುವಾದ ಮಾರಿಯಮ್ಮನ ದೇವಸ್ಥಾನ ಇದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್. ಹಂದಿ ಮಾಂಸ ಇಲ್ಲದೆ ಊಟ ಇಳಿಯದ ನಮ್ಮವರಿಗೆ ಇದು ಹಬ್ಬ. ಸುಟ್ಟು ಮೆರುಗು ಬಂದ ಹಂದಿ ಮಾಂಸ, ಮೆಣಸಿನ ಖಾರದ ಹಂದಿ ಮೂಳೆ ಸಾರು ಇಂಥವು ಈ ಊರಿನ ದಿನದ ಊಟ. ನಮ್ಮ ಪಂದಿಕರಿಯ ರುಚಿ ಅಲ್ಲ, ಕಾಚಂಪುಳಿಯ ಹುಳಿ ಇಲ್ಲ, ಆದರೂ ಮಾವ ಎರಡನೇ ಸಲ ಬಡಿಸಿಕೊಂಡು ತಿಂದರು. ತಿಂದ ಮೇಲೆ ತಟ್ಟೆಯನ್ನು ನಾವೇ ಎತ್ತಿ ಅದರ ಜಾಗಕ್ಕೆ ಇಡಬೇಕು, ಇಲ್ಲಾಂದ್ರೆ ದಂಡ ಬೀಳುತ್ತದೆ.

ಸೆಂಟೋಸಾದಲ್ಲಿ ಮರಳು, ಸಮುದ್ರ, ತೆಂಗಿನ ಮರ ಎಲ್ಲ ಇದೆ, ರೂಮ್ ಮಾತ್ರ ದುಬಾರಿ. ಒಂದೇ ರಾತ್ರಿಗೆ ಬೇಡ ಅಂತ ನಾನು ಹೇಳುವುದು. ಕ್ರೂಸ್ ಮುಗಿಸಿ ಬಂದ ಮೇಲೆ ಎರಡು ದಿನ ಇಟ್ಟುಕೊಳ್ಳಿ, ಆಗ ಯಾರೂ ಅವಸರ ಮಾಡುವುದಿಲ್ಲ. ಚಾಂಗಿ ವಿಮಾನ ನಿಲ್ದಾಣದ ಹತ್ತಿರ ಉಳಿಯುವುದು ನಡುರಾತ್ರಿ ಇಳಿಯುವವರಿಗೆ ಮಾತ್ರ. ಅಷ್ಟು ಹೊತ್ತಿಗೆ ಮೆಟ್ರೊ ನಿಂತಿರುತ್ತದೆ.

"ನಮ್ಮಲ್ಲಿ ಇರೋ ಥರ ಅಲ್ಲೂ ಒಂದು ಹೋಂಸ್ಟೇ ನೋಡಿ ಕೊಡಿ ಅಕ್ಕಾ" ಅಂತ ಕೇಳುತ್ತಾರೆ. ಸಿಂಗಪುರದಲ್ಲಿ ಖಾಸಗಿ ಮನೆ, ಫ್ಲ್ಯಾಟ್‌ಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ. ಸರ್ಕಾರಿ ವಸತಿಯ ಫ್ಲ್ಯಾಟ್‌ಗಾದರೆ ಆರು ತಿಂಗಳು. ನೆಟ್‌ನಲ್ಲಿ ಅಗ್ಗದ ಫ್ಲ್ಯಾಟ್ ಕಂಡರೂ ಕೈ ಹಾಕಬೇಡಿ. ಸಿಂಗಪುರಕ್ಕೆ ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ಅರೈವಲ್ ಕಾರ್ಡ್‌ನಲ್ಲಿ ಉಳಿಯುವ ವಿಳಾಸ ಬರೆಯಬೇಕು. ಅಲ್ಲಿ ಸರಿಯಾದ ಹೋಟೆಲ್ ಹೆಸರು ಇರಲಿ. ಆ ಕಾರ್ಡ್‌ಗೆ ದುಡ್ಡಿಲ್ಲ, ಯಾರಾದರೂ ದುಡ್ಡು ಕೇಳಿದರೆ ಅದು ಸರ್ಕಾರದ ತಾಣ ಅಲ್ಲ. ಹಡಗು ತಿರುಗಿ ಸಿಂಗಪುರಕ್ಕೇ ಬರುವುದಾದರೆ ವೀಸಾ ಎರಡನೇ ಸಲ ಒಳಗೆ ಬಿಡುವಂಥದ್ದೇ ಅಂತಲೂ ನೋಡಿಕೊಳ್ಳಿ.

ದರ ನೋಡುವಾಗ ಸಂಖ್ಯೆಯ ಮುಂದೆ ಎರಡು ಪ್ಲಸ್ ಗುರುತು ಇದೆಯಾ ನೋಡಿ. ಇದ್ದರೆ ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ, ಆಮೇಲೆ ಶೇಕಡಾ 9 ಜಿಎಸ್‌ಟಿ ಬೀಳುತ್ತದೆ. 200 ಡಾಲರ್ ಅಂದಿದ್ದು ಕೊನೆಗೆ 240ರ ಹತ್ತಿರ ಬರುತ್ತದೆ.

ಲಿಟಲ್ ಇಂಡಿಯಾ, ಚೈನಾಟೌನ್‌ಗಳಲ್ಲಿ ಹಳೆ ಕಾಲದ ಅಂಗಡಿ ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಕೆಳಗೆ ಅಂಗಡಿ, ಮೇಲೆ ಎರಡು ಮಹಡಿ, ಮುಂದೆ ಕಮಾನಿನ ಜಗಲಿ. ನೋಡಲು ಬಲು ಚೆಂದ. ಆದರೆ ಕೆಲವಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿರುತ್ತದೆ. ಕೆಲವು ರೂಮ್‌ಗೆ ಕಿಟಕಿಯೇ ಇಲ್ಲ. ಬೆಳಿಗ್ಗೆ ಎದ್ದ ಕೂಡಲೇ ಬಾಗಿಲು ತೆಗೆದು ತೋಟ ನೋಡುವವರು ನಾವು. ಕಿಟಕಿ ಇಲ್ಲದ ರೂಮಲ್ಲಿ ಮಾವನಿಗೆ ಉಸಿರು ಕಟ್ಟಿದ ಹಾಗಾಗುತ್ತದೆ, ಅದು ನನಗೆ ಗೊತ್ತು. ಅದಕ್ಕೆ ದುಡ್ಡು ಕಟ್ಟುವ ಮುಂಚೆ ಹೋಟೆಲ್‌ಗೆ ನೇರವಾಗಿ ಒಂದು ಮೇಲ್ ಹಾಕುತ್ತೇನೆ: ರೂಮ್‌ಗೆ ಹೊರಗೆ ತೆರೆಯುವ ಕಿಟಕಿ ಇದೆಯಾ? ರೂಮ್‌ವರೆಗೂ ಲಿಫ್ಟ್ ಬರುತ್ತದಾ? ಸ್ನಾನದ ಜಾಗ ಬೇರೆ ಇದೆಯಾ, ಇಲ್ಲ ಕಮೋಡ್ ಪಕ್ಕದಲ್ಲೇ ಶವರ್ ಇದ್ದು ನೆಲವೆಲ್ಲ ಒದ್ದೆಯಾಗುತ್ತದಾ? ಹೊರಡುವ ದಿನ ಹನ್ನೆರಡರ ನಂತರವೂ ಬ್ಯಾಗ್ ಇಟ್ಟುಕೊಳ್ಳುತ್ತೀರಾ? ಒಳ್ಳೆ ಹೋಟೆಲ್‌ನವರು ಸರಿಯಾಗಿ ಉತ್ತರ ಕೊಡುತ್ತಾರೆ. ಸುತ್ತಿ ಬಳಸಿ ಬರೆದರೆ ಬೇರೆ ಕಡೆ ನೋಡಿ. ನಾನೂ ರೂಮ್ ಕೊಡುವವಳೇ ಆದ್ದರಿಂದ ಹೇಳುತ್ತೇನೆ, ಇಂಥ ಪ್ರಶ್ನೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಎಸಿ ಬೇಕೇ ಬೇಕು. ಸಿಂಗಪುರ ಭೂಮಧ್ಯರೇಖೆಗೆ ಅಂಟಿಕೊಂಡ ಹಾಗೆ ಇದೆ. ವರ್ಷವಿಡೀ ಸೆಕೆ, ವರ್ಷವಿಡೀ ಮಳೆ, ನವೆಂಬರ್‌ನಿಂದ ಜನವರಿವರೆಗೆ ಇನ್ನೂ ಜಾಸ್ತಿ. ನಮ್ಮ ಚಳಿಯಿಂದ ಹೋದವರಿಗೆ ಮೊದಲ ದಿನ ತಲೆ ಭಾರ ಬರುತ್ತದೆ.

ಮಕ್ಕಳು ಅಮೆರಿಕದಲ್ಲಿದ್ದು ಅಲ್ಲಿಂದ ಕರೆಸಿಕೊಳ್ಳುವುದಾದರೆ ದ್ವೀಪ ಬೇರೆ, ಆದರೆ ನೋಡಬೇಕಾದ್ದು ಅದೇ. ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲೂ ಹಡಗು ನಿಲ್ಲುವ ಜಾಗ ಎರಡು: ಹಳೇ ಊರಿನ ಬದಿ ಒಂದು, ನೀರಿನ ಆಚೆ ಬದಿಯ ಪ್ಯಾನ್ ಅಮೆರಿಕನ್ ಇನ್ನೊಂದು. ಹಳೇ ಊರು ನೋಡಲು ಚೆಂದ, ಆದರೆ ಬೀದಿಗೆ ಕಲ್ಲು ಹಾಸಿದ್ದಾರೆ, ಏರು ಇಳಿಜಾರು ಬೇರೆ. ಸೂಟ್‌ಕೇಸ್ ಚಕ್ರ ಅಲ್ಲಿ ಉರುಳುವುದು ಕಷ್ಟ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ, ಹಾಗಾಗಿ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಹಿಡಿಯಿರಿ. ಹವಾಯಿಯ ಹೊನೊಲುಲುವಿನಲ್ಲಿ ಹೋಟೆಲ್‌ಗಳೆಲ್ಲ ಹೆಚ್ಚಾಗಿ ವೈಕಿಕಿಯಲ್ಲಿವೆ, ಬಂದರು ಅಲ್ಲಿಂದ ಕೆಲವೇ ಕಿಲೋಮೀಟರ್. ಅಲ್ಲಿ ತುಂಬಾ ಹೋಟೆಲ್‌ಗಳು ರೂಮ್ ದರದ ಮೇಲೆ ದಿನಕ್ಕಿಷ್ಟು ಅಂತ ರೆಸಾರ್ಟ್ ಶುಲ್ಕ ಹಾಕುತ್ತವೆ. ಬುಕ್ ಮಾಡುವಾಗಲೇ ಅದನ್ನು ಕೂಡಿಸಿ ನೋಡಿ.

ಹಡಗು ಹತ್ತುವ ಹಿಂದಿನ ಸಂಜೆ ರೂಮಲ್ಲಿ ಕೂತು ಮಾಡಬೇಕಾದ ಕೆಲಸ ಇದೆ. ಕಂಪನಿಯವರು ಕೊಟ್ಟ ಲಗೇಜ್ ಚೀಟಿಗಳನ್ನು ಸೂಟ್‌ಕೇಸ್‌ಗಳಿಗೆ ಕಟ್ಟಿ. ಟರ್ಮಿನಲ್‌ನಲ್ಲಿ ಅವರು ಸೂಟ್‌ಕೇಸ್ ತೆಗೆದುಕೊಂಡರೆ ಅದು ನಮ್ಮ ಕ್ಯಾಬಿನ್‌ಗೆ ಬರುವುದು ಸಂಜೆಯಾಗಬಹುದು. ಬಿಪಿ, ಶುಗರ್ ಮಾತ್ರೆ, ಪಾಸ್‌ಪೋರ್ಟ್, ಕನ್ನಡಕ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಟ್ಯಾಕ್ಸಿ ಹೇಳುವಾಗ ಸೂಟ್‌ಕೇಸ್ ಎಷ್ಟು ಅಂತಲೂ ಹೇಳಿ. ನಾಲ್ಕು ಜನ ಕೂರುವ ಕಾರಿನ ಡಿಕ್ಕಿಯಲ್ಲಿ ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿಯುವುದಿಲ್ಲ, ಆರು ಸೀಟಿನದ್ದೇ ಬೇಕು. ಹಾರ್ಬರ್‌ಫ್ರಂಟ್‌ಗೆ ಬೇಗ ಹೋದರೂ ಪರವಾಗಿಲ್ಲ, ಪಕ್ಕದ ಮಾಲ್‌ನಲ್ಲಿ ಕೂತು ಊಟ ಮಾಡಬಹುದು. ಮರೀನಾ ಕಡೆಗೆ ಮಾತ್ರ ನಿಮಗೆ ಕೊಟ್ಟ ಸಮಯಕ್ಕೇ ಹೋಗಿ, ಸುತ್ತ ಹೊತ್ತು ಕಳೆಯುವಂಥದ್ದು ಕಡಿಮೆ.

ಇನ್ನೊಂದು ಮಾತು ಗಂಡಸರಿಗೆ. ಹಡಗಿನಲ್ಲಿ ಒಂದು ರಾತ್ರಿ ಎಲ್ಲರೂ ಚೆನ್ನಾಗಿ ಉಡುಪು ಹಾಕಿಕೊಂಡು ಊಟಕ್ಕೆ ಕೂರುವ ಕ್ರಮ ಇರುತ್ತದೆ. ನಮ್ಮ ಕೊಡವ ಉಡುಪು ಕುಪ್ಯ-ಚೇಲೆ ತೊಟ್ಟು ಹೋಗಿ, ತುಂಬಾ ಚೆನ್ನಾಗಿ ಕಾಣುತ್ತದೆ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ. ಟರ್ಮಿನಲ್‌ನ ತಪಾಸಣೆಯಲ್ಲಿ ಕತ್ತಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಅಜ್ಜನ ಕಾಲದ ಬೆಳ್ಳಿ ಹಿಡಿಯ ಕತ್ತಿಯನ್ನು ಗುರುತಿಲ್ಲದವರ ಕೈಗೆ ಕೊಟ್ಟು ಹೋಗಬೇಕಾಗುತ್ತದೆ.