ಮಂಡಿ ನೋವಿದ್ದರೆ ಕೋಲು ಯಾವ ಕೈಯಲ್ಲಿ?

ಕೋಲಾರದ ಅಂತರಗಂಗೆ ಮೆಟ್ಟಿಲ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಕೋಲು ಹಿಡಿದು ಬರುವ ಹಿರಿಯರು ಎಷ್ಟೋ ಜನ ನೋಯುವ ಮಂಡಿಯ ಕಡೆಯೇ ಕೋಲು ಊರುತ್ತಾರೆ. ನಮ್ಮ ದೊಡ್ಡಮ್ಮನೂ ಎರಡು ವರ್ಷ ಹಾಗೇ ನಡೆದರು. ನೋವು ತಗ್ಗಲಿಲ್ಲ. ಕೊನೆಗೆ ಕೋಲು ಬಾಗಿಲ ಹಿಂದೆ ಸೇರಿತು, ಅವರು ಹಾಲಿನ ಅಂಗಡಿಗೆ ಹೋಗುವುದನ್ನೂ ಬಿಟ್ಟರು.

ನನಗೆ ಹೆದರಿಕೆಯಾದದ್ದು ಆಗಲೇ. ಮಂಡಿ ಸವೆತ ನೇರವಾಗಿ ಜೀವ ತೆಗೆಯುವುದಿಲ್ಲ, ಆದರೆ ಅದರಿಂದ ನಡಿಗೆ ನಿಂತರೆ ತೂಕ, ಸಕ್ಕರೆ, ಬಿಪಿ ಎಲ್ಲಾ ಏರಿ ಹೃದಯಕ್ಕೆ ಕುತ್ತು. ಇಂಗ್ಲೆಂಡಿನಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆದ 1163 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ ಸಾವು ಉಳಿದ ಜನರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು, ನಡೆಯಲು ಹೆಚ್ಚು ಕಷ್ಟಪಡುತ್ತಿದ್ದವರಿಗೆ ಅಪಾಯವೂ ಜಾಸ್ತಿ.

ಮೊದಲು ಡಾಕ್ಟರಿಗೆ ತೋರಿಸಿ. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅವತ್ತೇ ಹೋಗಿ.

ಆಮೇಲೆ ಕೋಲಿನ ಅಳತೆ. ದಿನಾ ಹಾಕುವ ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಿ, ಕೈ ಸುಮ್ನೆ ಇಳಿಬಿಡಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಹಿಡಿದಾಗ ಮೊಣಕೈ 15–20 ಡಿಗ್ರಿ ಬಾಗಬೇಕು. ಉದ್ದ ಜಾಸ್ತಿಯಾದರೆ ಭುಜ ಮೇಲೇಳುತ್ತದೆ, ಗಿಡ್ಡವಾದರೆ ಬೆನ್ನು ಬಾಗುತ್ತದೆ. ಮರದ ಕೋಲಾದರೆ ತುದಿಗೆ ರಬ್ಬರ್ ಬೂಚು ಹಾಕಿ ಅಳೆದ ಮೇಲೇ ಕೊಯ್ಯಿಸಿ. ಕೊಡೆ ಹಿಡಿಯಂತೆ ಬಾಗಿದ್ದು ಬೇಡ, ಅಂಗೈ ಪೂರ್ತಿ ಕೂರುವ ಹಿಡಿಯನ್ನೇ ತಗೊಳ್ಳಿ.

ಈಗ ಎಲ್ಲರೂ ತಪ್ಪುವ ಜಾಗ. ಬಲ ಮಂಡಿ ನೋವಾ? ಕೋಲು ಎಡಗೈಯಲ್ಲಿ. "ನೋಯೋ ಕಡೆ ತಾನೇ ಆಸರೆ ಬೇಕು?" ಅಂತ ದೊಡ್ಡಮ್ಮ ವಾದ ಮಾಡಿದರು. ಕೋಲಿಲ್ಲದೆ ನಾಲ್ಕು ಹೆಜ್ಜೆ ಹಾಕಿಸಿ ತೋರಿಸಿದೆ: ಬಲಗಾಲು ಮುಂದಿಟ್ಟಾಗ ಎಡಗೈ ತಾನಾಗಿ ಮುಂದೆ ಬರುತ್ತದೆ. ಆ ಕೈಯಲ್ಲಿ ಕೋಲಿದ್ದರೆ ಬಲ ಮಂಡಿಯ ಭಾರದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಅದೇ ಕಡೆ ಹಿಡಿದರೆ ಮೈಯೆಲ್ಲ ನೋಯುವ ಕಾಲಿನ ಮೇಲೇ ವಾಲುತ್ತದೆ. ಅವರ ಹಳೇ ಬೂಚು ತಿರುಗಿಸಿ ನೋಡಿದೆ, ಹೊರಗಡೆ ಅಂಚು ಮಾತ್ರ ಸವೆದು ಒಳಗಿನ ಮರ ಕಾಣುತ್ತಿತ್ತು. ಕೋಲು, ನೋಯುವ ಕಾಲು ಎರಡೂ ಒಟ್ಟಿಗೆ ಮುಂದೆ ಹೋಗಬೇಕು, ಆಮೇಲೆ ಗಟ್ಟಿ ಕಾಲು. ಕೋಲನ್ನು ಒಂದು ಮಾರು ದೂರ ಇಡಬೇಡಿ, ಪಾದದ ಪಕ್ಕಕ್ಕೇ ಇರಲಿ. ದೊಡ್ಡಮ್ಮ "ಒಂದು, ಎರಡು" ಅಂತ ಎಣಿಸುತ್ತಾ ಪಡಸಾಲೆಯಲ್ಲಿ ಮೂರು ದಿನ ಅಭ್ಯಾಸ ಮಾಡಿದರು.

ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು ಮತ್ತು ನೋಯುವ ಕಾಲು ಮೊದಲು. ಕಂಬಿ ಇದ್ದರೆ ಇನ್ನೊಂದು ಕೈ ಅದರ ಮೇಲಿರಲಿ.

ಸವೆದ ಕೀಲು ಹದಿನೈದು ದಿನದಲ್ಲಿ ಬೆಳೆಯುತ್ತೆ ಅನ್ನುವ ಎಣ್ಣೆಗೆ ದುಡ್ಡು ಸುರಿಯಬೇಡಿ. ಮೆಡಿಕಲ್ ಸ್ಟೋರಲ್ಲಿ ಕೇಳಿ ತಿಂಗಳಾನುಗಟ್ಟಲೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ನುಂಗುವುದಂತೂ ಬೇಡವೇ ಬೇಡ, ಅದು ಹೃದಯಕ್ಕೂ ಕಿಡ್ನಿಗೂ ಕೆಟ್ಟದ್ದು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹತ್ತು ಎಣಿಸಿ ಇಳಿಸಿ, ತೊಡೆ ಗಟ್ಟಿಯಾದಷ್ಟೂ ಮಂಡಿಗೆ ಹಗುರ. ತೂಕ ಜಾಸ್ತಿಯಿದ್ದರೆ ಇಳಿಸಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ.

ಶುರುವಿಗೆ ಐದು ನಿಮಿಷ ನಡೆದರೆ ಸಾಕು. ಮಾರನೇ ದಿನವೂ ನೋವು ಜಾಸ್ತಿ ಇದ್ದರೆ ಮೂರು ನಿಮಿಷಕ್ಕೆ ಇಳಿಸಿ, ನಿಲ್ಲಿಸಬೇಡಿ.